ಮೂರು ಮಿಣುಕು, ಆಮೇಲೆ ನಾಲ್ಕು

ಹುಣಸೂರು
19-11-2006, ಭಾನುವಾರ

ಮಗಳು ಅನುವಿಗೆ ಅಪ್ಪನ ಆಶೀರ್ವಾದ.

ಹಾಸನದ ಚಳಿ ನಿನಗೆ ಒಗ್ಗಿತೇ? ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೆಲ್ಲ ನಿಂತೇ ಇರಬೇಕಂತೆ, ನಿಮ್ಮಮ್ಮ ಹೇಳಿದಳು. ಕಾಲು ನೋವು ಹೇಗಿದೆ? ರಾತ್ರಿ ಬಿಸಿನೀರು ಹಾಕಿಕೊ, ಸೋಮಾರಿತನ ಮಾಡಬೇಡ. ನೀನು ಫೋನ್ ಮಾಡಿದಾಗಲೆಲ್ಲ ನಾನು ಪಕ್ಕದ ಕುರ್ಚಿಯಲ್ಲೇ ಇರುತ್ತೇನೆ. ನೀನು ನನ್ನನ್ನು ಕೇಳುವುದಿಲ್ಲ, ನಾನೂ ಫೋನಿಗೆ ಕೈ ಚಾಚುವುದಿಲ್ಲ. ಜೂನ್ ತಿಂಗಳಿಂದ ಹೀಗೇ ನಡೆದಿದೆ, ಅದಕ್ಕೇ ಈ ಕಾಗದ. ನಿಮ್ಮಮ್ಮನ ಮುರಿದ ಕೈ ಈಗ ಪೂರ್ತಿ ಸರಿಹೋಗಿದೆ. ಮುದ್ದೆ ತೊಳಸುತ್ತಾಳೆ, ನನ್ನನ್ನು ಬೈಯುವಾಗಲೂ ಅದೇ ಕೈಯನ್ನು ಆಡಿಸುತ್ತಾಳೆ. ಹೊಗೆಸೊಪ್ಪು ಬೇಯಿಸುವ ಕೆಲಸ ಮುಗಿಯಿತು.

ಇನ್ನು ಕಾರಿನ ವಿಷಯ. ಓದದೆ ಮಡಿಚಿಡಬೇಡ ಕಣಮ್ಮ. ಹೋದ ವಾರ ಆಯಿಲ್ ಬದಲಿಸಲು ಬಸ್ ಸ್ಟ್ಯಾಂಡ್ ಹಿಂದಿನ ಕಂಠಪ್ಪನ ಗ್ಯಾರೇಜಿಗೆ ಹೋಗಿದ್ದೆ. ಅವನಿಗೊಂದು ಅಭ್ಯಾಸ, ಯಾವ ಗಾಡಿ ಬಂದರೂ ಮೊದಲು ಕೀ ತಿರುಗಿಸಿ ಸುಮ್ಮನೆ ಕೂರುತ್ತಾನೆ. ಆಗ ಎದುರಿನ ಎಲ್ಲ ದೀಪಗಳೂ ಒಂದು ಸಲ ಹೊತ್ತಿ ಆರಬೇಕಂತೆ. ನಮ್ಮದರಲ್ಲಿ ಒಂದು ಹೊತ್ತಲಿಲ್ಲ. ಎಬಿಎಸ್ ಎಂದು ಬರೆದಿದೆಯಲ್ಲ, ಅದು. ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ ಕೆಟ್ಟರೆ ಆ ದೀಪ ಎಚ್ಚರಿಸಬೇಕು. ಕಂಠಪ್ಪ ಬಿಚ್ಚಿ ನೋಡಿ, ಇಲ್ಲಿ ಬಲ್ಬೇ ಇಲ್ಲ ಕಣಣ್ಣ ಅಂದ. ಹೊಸದು ಹಾಕು ಅಂದೆ. ಹಾಕಿದ. ಕೀ ತಿರುಗಿಸಿದರೆ ಹೊತ್ತಿತು, ಆರಿತು. ಗಾಡಿ ಗೇಟು ದಾಟುವಷ್ಟರಲ್ಲಿ ಮತ್ತೆ ಹೊತ್ತಿಕೊಂಡಿದ್ದು ಆರಲೇ ಇಲ್ಲ. ನಿಂತಾಗ ಸುಮ್ಮನಿರುವ ದೀಪ ಓಡಿದರೆ ಯಾಕೆ ಉರಿಯಬೇಕು? ನಿನಗೆ ಗೊತ್ತಲ್ಲ, ತಲೆಗೆ ಒಂದು 'ಯಾಕೆ' ಹೊಕ್ಕಿತೆಂದರೆ ನನಗೆ ಊಟ ಸೇರುವುದಿಲ್ಲ.

ಮಾರನೆಯ ದಿನ ಕಂಠಪ್ಪ ಮನೆಗೇ ಬಂದ. ಒಂದು ಪಿನ್ನು ಕೊಡಿ ಎಂದು ನಿಮ್ಮಮ್ಮನ ತಲೆಯ ಪಿನ್ನನ್ನೇ ಈಸಿಕೊಂಡು, ಸ್ಟೇರಿಂಗ್ ಕೆಳಗಿನ ಒಂದು ಗೂಡಿನಲ್ಲಿ ಎರಡು ತೂತುಗಳಿಗೆ ಸೇರಿಸಿ ಸಿಕ್ಕಿಸಿದ. ದೀಪ ಮಿಣುಕತೊಡಗಿತು! ಮೂರು ಸಲ ಮಿಣುಕಿ, ಸ್ವಲ್ಪ ತಡೆದು, ನಾಲ್ಕು ಸಲ. ಮತ್ತೆ ಮೂರು, ಮತ್ತೆ ನಾಲ್ಕು. ನಾನೂ ನಿಮ್ಮಮ್ಮನೂ ಬಾಯಿಬಿಟ್ಟುಕೊಂಡು ಎಣಿಸಿದೆವು. ಅವನ ಹತ್ತಿರ ಮೈಸೂರಿನಿಂದ ತರಿಸಿದ ಒಂದು ಜೆರಾಕ್ಸ್ ಹಾಳೆ ಇದೆ. ಅದರ ಪ್ರಕಾರ ಮೂವತ್ತನಾಲ್ಕು ಎಂದರೆ ಎಡಗಡೆಯ ಹಿಂದಿನ ಚಕ್ರ. ಎಲ್ಲಿ ನೋವು ಎಂದು ಗಾಡಿಯೇ ಹೇಳುತ್ತದೆ, ನೋಡು! ಚಕ್ರ ಬಿಚ್ಚಿದರೆ ಒಳಗೆ ಹಲ್ಲಿರುವ ಒಂದು ಬಳೆ, ಅದರ ಪಕ್ಕ ಹೆಬ್ಬೆರಳಷ್ಟು ದಪ್ಪದ ಸೆನ್ಸರ್. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಹಲ್ಲು ಎಣಿಸಿ ತಿಳಿಸುವುದು ಅದರ ಕೆಲಸ. ಅದರ ತುದಿಯಲ್ಲಿ ಅಯಸ್ಕಾಂತ. ಆ ತುದಿಗೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಮೆತ್ತಿಕೊಂಡಿತ್ತು. ಮೇ ತಿಂಗಳಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಬ್ಬಿಣದ ಕೊಳವೆಗಳನ್ನು ಅಂಗಳದಲ್ಲಿ ಕೊಯ್ಯಿಸಿದೆವಲ್ಲ, ಪಕ್ಕದಲ್ಲೇ ಕಾರು ನಿಂತಿತ್ತು. ಎಲ್ಲ ನಮ್ಮ ಮನೆಯದೇ ಪುಡಿ. ಹಳೇ ಬಟ್ಟೆಯಲ್ಲಿ ಒರೆಸಿ ಹಾಕಿದ. ಪಿನ್ನು ಹಾಗೇ ಇಟ್ಟು ಬ್ರೇಕನ್ನು ಪಟಪಟನೆ ಎಂಟು ಸಲ ತುಳಿದರೆ ಗಾಡಿ ಹಳೆಯದನ್ನು ಮರೆಯುತ್ತದಂತೆ. ಮರೆಯಿತು, ದೀಪವೂ ಆರಿತು.

ನಾನು ಅಷ್ಟಕ್ಕೇ ಬಿಡಲಿಲ್ಲ. ನಿನ್ನೆ ಮಳೆ ಬಂದು ನಿಂತ ಮೇಲೆ ಹೊಸ ಬಡಾವಣೆಯ ಖಾಲಿ ರಸ್ತೆಗೆ ಕಂಠಪ್ಪನನ್ನು ಕರೆದುಕೊಂಡು ಹೋದೆ. ವೇಗವಾಗಿ ಹೋಗಿ ಬ್ರೇಕನ್ನು ಒತ್ತಿ ತುಳಿದು ಸ್ಟೇರಿಂಗ್ ಬಲಕ್ಕೆ ತಿರುಗಿಸಿದೆ. ಪೆಡಲ್ ಕಾಲಡಿ ಗರಗರ ನಡುಗಿತು, ಕಾರು ಬಲಕ್ಕೆ ತಿರುಗಿ ನಿಂತಿತು. ಆಮೇಲೆ ಆ ಸೆನ್ಸರಿನ ವೈರ್ ಬಿಚ್ಚಲು ಹೇಳಿ, ಅದೇ ಜಾಗದಲ್ಲಿ ಹಾಗೇ ತುಳಿದೆ. ಒಂದು ಸೆನ್ಸರ್ ಕೈಕೊಟ್ಟರೂ ಎಬಿಎಸ್ ಪೂರ್ತಿ ನಿಲ್ಲುತ್ತದಂತೆ; ಚಕ್ರಗಳು ಕಚ್ಚಿಕೊಂಡವು. ಸ್ಟೇರಿಂಗ್ ಪೂರ್ತಿ ಬಲಕ್ಕಿದೆ, ಕಾರು ಮಾತ್ರ ನೇರ ಜಾರಿಕೊಂಡು ಹೋಯಿತು.

ಮಗಳೇ, ಜೂನಿನಲ್ಲಿ ಅಂತರಸಂತೆಯ ಮದುವೆಗೆ ಹೋಗುವಾಗ ಎಮ್ಮೆಕರು ಅಡ್ಡ ಬಂದು, ನೀನು ಓಡಿಸುತ್ತಿದ್ದ ಕಾರು ಹಳ್ಳಕ್ಕಿಳಿದು, ನಿಮ್ಮಮ್ಮನ ಕೈ ಮುರಿದ ದಿನ ನೀನು ಹೇಳಿದ್ದು ಇದನ್ನೇ. "ತಿರುಗಿಸ್ದೆ ಕಣಪ್ಪ, ಅದು ತಿರುಗ್ಲೇ ಇಲ್ಲ." ನಾನು ನೆಂಟರೆಲ್ಲರ ಎದುರು ನಿನ್ನನ್ನು ಸುಳ್ಳಿ ಅಂದೆ. ಹೆಣ್ಣುಮಕ್ಕಳ ಕೈಗೆ ಸ್ಟೇರಿಂಗ್ ಕೊಟ್ಟಿದ್ದು ನನ್ನ ತಪ್ಪು ಅಂದೆ, ಕೀ ಕಿತ್ತುಕೊಂಡೆ. ಅವತ್ತಿನಿಂದ ನೀನು ಯಾವ ಗಾಡಿಯನ್ನೂ ಮುಟ್ಟಿಲ್ಲವಂತೆ. ನೀನು ಹೇಳಿದ್ದು ನಿಜ. ತಪ್ಪು ನಿನ್ನದಲ್ಲ. ಇದನ್ನು ಆ ನೆಂಟರಿಗೂ ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ. ರಜೆ ಸಿಕ್ಕಾಗ ಬಾ, ಕಾರು ನೀನೇ ಓಡಿಸು, ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ರೂಮಿನ ಗೆಳತಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಪ್ಪ,
ನಿಂಗಯ್ಯ

ವಿ.ಸೂ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಬಲ್ಬು ತಾನಾಗಿ ಬಿದ್ದುಹೋದದ್ದಲ್ಲ. ಮದುವೆಗೆ ಎರಡು ದಿನ ಮುಂಚೆ ದೀಪ ಉರಿಯತೊಡಗಿತ್ತು. ಕಂಡರೆ ನಿಮ್ಮಮ್ಮ ಹೆದರಿ ಕಾರು ಹತ್ತುವುದಿಲ್ಲವೆಂದು ಬಿಳಿಕೆರೆಯ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ನಾನೇ ಕೀಳಿಸಿದೆ. ನಿನಗೂ ಹೇಳಲಿಲ್ಲ. ನೀನು ಹಳ್ಳದಲ್ಲಿ ನಿಂತು ಅಳುತ್ತಿದ್ದಾಗಲೂ ಅದು ನನಗೆ ಗೊತ್ತಿತ್ತು. ಈಗ ತಾನೇ ನಿಮ್ಮಮ್ಮನಿಗೆ ಹೇಳಿ ಕ್ಷಮಿಸು ಅಂದೆ. ಅವಳು, "ನನ್ ಕೈ ಕೂಡ್ಕತು ಬುಡಿ. ನನ್ನೇನ್ ಕೇಳೀರಿ, ಅವಳಿಗೆ ಬರೀರಿ" ಅಂದಳು. ಬರೆದಿದ್ದೇನೆ.