ಹಜಾರದ ಸ್ವಿಚ್ಚು

5-3-78, ಭಾನುವಾರ, ಬೆಳಗ್ಗೆ 10

ಅಜ್ಜಂಪುರದ ಮನೆ ರಿಪೇರಿ ಇವತ್ತು ನಮ್ಮ ಮಲಗುವ ಕೋಣೆಗೆ ಬಂತು. ವೈರ್‌ಮನ್ ಗಿರಿಯಪ್ಪ ಹಳೇ ವೈರು ಎಳೆದ. ರಬ್ಬರು ಬೂದಿಯ ಹಾಗೆ ಉದುರಿತು. ಇಷ್ಟು ವರ್ಷ ಇದರಡಿ ನಿಶ್ಚಿಂತೆಯಾಗಿ ಮಲಗಿದ್ದೆವು.

"ಇದೇನ್ ಸಾರ್, ಲೈಟು ಕೋಣೇಲಿ, ಸ್ವಿಚ್ಚು ಹಜಾರದಲ್ಲಿ? ಲಾಕಪ್ಪಲ್ಲಿ ಹಿಂಗಿರ್ತದೆ."

ಅಪ್ಪ ಹಾಕಿಸಿದ್ದು. ಒಂಬತ್ತು ಹೊಡೆದರೆ ಹಜಾರದಲ್ಲಿ ಕೂತಲ್ಲಿಂದಲೇ ಆರಿಸುತ್ತಿದ್ದರು. ಒಳಗೆ ಮಲ್ಲಿಕಾಂಬ, ನಮ್ಮ ಮದುವೆಯಾದ ಹೊಸತು, ಕೈಯಲ್ಲಿ ಪುಸ್ತಕ. ಅಪ್ಪ ಹೋಗಿ ಎಂಟು ವರ್ಷ. ಈಗ ಒಂಬತ್ತಕ್ಕೆ ಆರಿಸುವವನು ನಾನು — ಗಮನಿಸಿಯೇ ಇರಲಿಲ್ಲ.

"ಹೊಸದು ಎಲ್ಲಿ ಹಾಕ್ಲಿ?"

"ಹಳೇ ಜಾಗದಲ್ಲೇ." ಯೋಚಿಸದೆ ಅಂದೆ. ಮಲ್ಲಿಕಾಂಬ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

8-3, ಬೀರೂರು, ಗೂಡ್ಸ್ ಆಫೀಸು

ಗಿರಿಯಪ್ಪ ಮತ್ತೆ ಬರುವುದು ಭಾನುವಾರ. ಅಲ್ಲಿಯವರೆಗೆ ಕೋಣೆಗೆ ಲಾಟೀನು. ನಿನ್ನೆ ಊಟವಾದ ಮೇಲೆ ಮಲ್ಲಿಕಾಂಬ ಓದಿದಳು. ಒಂಬತ್ತಾಯಿತು, ಹತ್ತಾಯಿತು. ಮುಗಿದ ಮೇಲೆ ಬತ್ತಿ ತಾನೇ ಇಳಿಸಿದಳು. ಇಷ್ಟು ಓದುತ್ತಾಳೆಂದು ಗೊತ್ತಿರಲಿಲ್ಲ. ಸ್ವಿಚ್ಚು ಒಳಗೇ ಹಾಕು ಅಂತ ಗಿರಿಯಪ್ಪನಿಗೆ ಹೇಳಬೇಕು... ಆದರೆ ಅಪ್ಪನ ಗೋಡೆ.

12-3, ಭಾನುವಾರ

ಗಿರಿಯಪ್ಪನಿಗೆ ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಅವನೇ ಕೋಣೆಯಿಂದ ಕೂಗಿದ.

"ಸಾರ್, ಒಳಗೋಡೆಗೆ ಯಾರೋ ವಿಭೂತಿ ಹಚ್ಚವ್ರೆ. ಇಲ್ಲಿ ಮೊಳೆ ಹೊಡೆದ್ರೆ ದೋಷ ಗೀಷ ಇಲ್ವಾ?"

ಬಾಗಿಲ ಪಕ್ಕ, ಹೆಂಗಸಿನ ಭುಜದೆತ್ತರಕ್ಕೆ, ಮೂರು ಬೆರಳ ಗೆರೆ.

ಅಡುಗೆಮನೆಯಿಂದ ಮಲ್ಲಿಕಾಂಬ: "ದೇವ್ರಿಗಲ್ಲ ಕಣಪ್ಪಾ, ಸ್ವಿಚ್ಚಿಗೆ! ಸೀಮೆಸುಣ್ಣ ಸಿಗ್ಲಿಲ್ಲ."

ಗಿರಿಯಪ್ಪ ಸುತ್ತಿಗೆ ಹಿಡಿದು ನನ್ನ ಮುಖ ನೋಡಿದ. "ಈಗ ಯಾರ್ ಮಾತು ಕೇಳ್ಲಿ ಸಾರ್?"

"ವಿಭೂತಿ ಹಚ್ಚಿದವರದು."

"ಹಂಗನ್ನಿ ಮತ್ತೆ!" ಮೊದಲ ಏಟಿಗೇ ಮೊಳೆ ಕೂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಮತ್ತೆ ಶುರುವಾಯಿತು.

15-3, ಸಂಜೆ 7.30

ರೈಲಿಳಿದು ಮನೆಗೆ ಬಂದೆ. ಕೈ ತಾನಾಗಿ ಹಜಾರದ ಗೋಡೆಗೆ ಹೋಯಿತು. ಹಳೇ ಸ್ವಿಚ್ಚಿನ ತೂತಿಗೆ ಇವತ್ತು ಮೆತ್ತಿದ ಗಾರೆ ಇನ್ನೂ ಹಸಿ. ಬೆರಳು ಹೂತುಕೊಂಡಿತು. ಒಳಗಿಂದ ಮಲ್ಲಿಕಾಂಬ ನಕ್ಕಳು.

ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಕು ಚೆನ್ನಾಗಿದೆ. ಮಲ್ಲಿಕಾಂಬ ಬಂದು ನಿಂತಿದ್ದಾಳೆ, ಬೆರಳು ಸ್ವಿಚ್ಚಿನ ಮೇಲೆ.

"ಊಟಕ್ಕೆ ಏಳ್ರೀ. ಆರಿಸ್ಲಾ?"

ಅಪ್ಪ ಯಾವತ್ತೂ ಹೀಗೆ ಕೇಳಿದವರಲ್ಲ.

"ಒಂದು ಸಾಲಿದೆ ಕಣೇ."

"ಮೂರು ಎಣಿಸ್ತೀನಿ."

ಬರೆಯಬೇಕಿದ್ದದ್ದು ಇಷ್ಟೇ — ಮದುವೆಯಾದ ಈ ಹದಿನೆಂಟು ವರ್ಷದಲ್ಲಿ ನಾನು ಒಂದು ಸಲವಾದರೂ ಹಾಗೆ ಕೇಳಿ—