ಮುದುಕಿಯ ರಕ್ತ ಗುರುತಿಸಿದ್ದು

ಲ್ಯಾಬಿನ ಕ್ಯಾಂಟೀನಿನಿಂದ
ಅಕ್ಟೋಬರ್ ೯, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಕ್ರೇನಿನ ಸೀಟಿಗೆ ದಿಂಬು ಹಾಕಿಕೊಂಡೆಯೋ, ಇಲ್ಲ ಅಲ್ಲೂ ನಿನ್ನ ಹಟವೇ ನಡೆಯುತ್ತಿದೆಯೋ? ನಾವು ಚೆನ್ನಾಗಿದ್ದೇವೆ. ಅತ್ತಿಗೆ ಮಾತ್ರ ನಿನ್ನ ಫೋನ್ ಬಂದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. "ಮುದುಕಿ ಮರಿ ಹಾಕೋ ಮೊದ್ಲೇ ಕಟುಕನಿಗೆ ಕೊಟ್ಬಿಡಿ, ಇನ್ನೊಂದ್ಸಲ ಅದನ್ನೆಲ್ಲ ನೋಡೋ ಶಕ್ತಿ ನನಗಿಲ್ಲ" ಅಂದೆಯಲ್ಲ. ನಮ್ಮ ಮುದುಕಿ ಹಂದಿ ಹೋದ ಸಲ ಹಾಕಿದ ಮರಿಗಳೆಲ್ಲ ಭೇದಿಯಾಗಿ ನಿನ್ನ ಕೈಯಲ್ಲೇ ಸತ್ತವು, ಮರೆತಿಲ್ಲ. ಆದರೂ ಇದನ್ನು ಪೂರ್ತಿ ಓದು.

ಆ ಮರಿಗಳಲ್ಲಿದ್ದ ಹಂದಿ ಕೊರೋನಾ ವೈರಸ್ಸನ್ನು ಇಲ್ಲಿ ತಟ್ಟೆಯ ಜೀವಕೋಶಗಳಲ್ಲಿ ಬೆಳೆಸಿದ್ದೇನೆ. ಪಕ್ಕದ ತಟ್ಟೆಯಲ್ಲಿ ಅದರ ದಾಯಾದಿ, ವರ್ಷಗಟ್ಟಲೆ ಲ್ಯಾಬಿನಲ್ಲೇ ಕೂತು ತಿಂದ ತಳಿ. ವೈರಸ್ ಹೊಕ್ಕ ಕೋಶ ಅದರ ಪ್ರೋಟೀನನ್ನು ತನ್ನ ಮೈಮೇಲೆ ತೋರಿಸಿಕೊಂಡರೆ ದೇಹದ ಕಾವಲು ಹಿಡಿದುಹಾಕುತ್ತದೆ. ತೋರಿಸುತ್ತದೆಯೇ ಎಂದು ನೋಡಲು ಆ ರೋಗ ಗೆದ್ದು ಉಳಿದ ಮುದುಕಿಯ ರಕ್ತದಿಂದಲೇ, ವೈರಸ್ಸನ್ನು ಗುರುತು ಹಿಡಿಯುವ ಪ್ರತಿಕಾಯ ತೆಗೆದು, ಹೊಳೆಯುವ ಬಣ್ಣ ಕಟ್ಟಿ ಹಾಕಿದೆ. ಲ್ಯಾಬಿನ ತಳಿ ಝಗಮಗ ಅಂದಿತು. ನಿನ್ನ ದೊಡ್ಡಿಯದು ಬರೀ ಕತ್ತಲೆ. ನಮ್ಮ ಲ್ಯಾಬಿನ ಮೇಡಂ ಮೂಗು ಮುರಿದರು: "ನಿಮ್ಮ ಹಂದಿ ರಕ್ತಕ್ಕೆ ಮನೆ ತಳೀದೇ ಗುರುತು ಸಿಗ್ತಿಲ್ಲಮ್ಮ, ಬಿಟ್ಬಿಡು." ಬಿಡುತ್ತೇನೆಯೇ, ನಿನ್ನ ತಂಗಿ ನಾನು. ಹೊರಮೈ ಮಾತ್ರ ಕಾಣಲೆಂದು ಅಲ್ಲಿಯವರೆಗೆ ಕೋಶದ ಪೊರೆ ಹರಿಯದಂತೆ, ಮಂಜುಗಡ್ಡೆಯ ಮೇಲಿಟ್ಟು ಬಣ್ಣ ಹಾಕಿದ್ದೆ. ಈ ಸಲ ಸಾಬೂನಿನಂಥ ದ್ರಾವಣದಿಂದ ಪೊರೆಗೆ ತೂತು ಮಾಡಿದೆ. ಎರಡೂ ತಟ್ಟೆ ಒಂದೇ ಸಮ ಹೊಳೆದವು. ದೊಡ್ಡಿಯ ಆ ಕಳ್ಳ ತನ್ನ ಪ್ರೋಟೀನನ್ನೆಲ್ಲ ಕೋಶದೊಳಗೇ ಬಚ್ಚಿಟ್ಟು ಎಲ್ಲರ ಕಣ್ಣಿಗೆ ಮಣ್ಣೆರಚುತ್ತಿದ್ದ. ಮುದುಕಿಯ ರಕ್ತಕ್ಕೆ ಅವನ ಗುರುತು ಚೆನ್ನಾಗಿಯೇ ಇದೆ. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ನಿಮ್ಮ ಮುದುಕೀಗೆ ನನ್ನ ನಮಸ್ಕಾರ ಹೇಳು" ಅಂದರು.

ಒಳಗೆ ಅಡಗಿದವನನ್ನು ಪ್ರತಿಕಾಯ ಹಿಡಿಯಲಾರದು, ನಿಜ. ಆದರೆ ಕೋಶ ಹೊಗುವ ಮೊದಲು ಅವನು ಮರಿಯ ಕರುಳಿನಲ್ಲಿ ಬಯಲಿಗೆ ಬರಲೇಬೇಕು. ಹೋದ ಸಲ ಮುದುಕಿಯ ಹಾಲಿನಲ್ಲಿಲ್ಲದ ಪ್ರತಿಕಾಯ ಈ ಸಲ ಇರುತ್ತದೆ; ಹುಟ್ಟಿದ ಗಳಿಗೆಯಿಂದ ಆ ಹಾಲು ಅಲ್ಲಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಎಲ್ಲವೂ ಉಳಿಯುತ್ತವೆ ಎಂದು ಬರೆದುಕೊಡಲಾರೆ. ಹೆಚ್ಚಿನವು ಉಳಿಯುತ್ತವೆ ಎಂಬ ಧೈರ್ಯ ನನಗಿದೆ, ಅದನ್ನು ನೀನೂ ಸ್ವಲ್ಪ ತಗೋ.

ಜೊತೆಗಾರರಿಗೆಲ್ಲ ನನ್ನ ನೆನಪು ತಿಳಿಸು. ಎತ್ತರದಲ್ಲಿ ಹುಷಾರಾಗಿರು.

ನಿನ್ನ ಮೊಂಡು ತಂಗಿ

ಮರೆತಿದ್ದೆ: ಕಟುಕ ಹೋದ ವಾರವೇ ಬಂದಿದ್ದ. ಈ ಫಲಿತಾಂಶವೆಲ್ಲ ಬರುವ ಮೊದಲೇ ಅತ್ತಿಗೆ ಅವನನ್ನು ವಾಪಸ್ ಕಳಿಸಿಬಿಟ್ಟಿದ್ದಾರೆ. ಕೇಳಿದರೆ, "ನಿಮ್ಮಣ್ಣ ಬಂದು ಅವಳ ಎದುರಿಗೆ ನಿಂತು ಕೊಡು ಅನ್ಲಿ, ಆಗ ಕೊಡ್ತೀನಿ" ಅಂತಾರೆ. ಮುದುಕಿಯ ಕೆಚ್ಚಲು ಇಳಿದಿದೆ. ನೋವು ಶುರುವಾದರೆ ನಿನ್ನನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸುವುದಿಲ್ಲ ಅಂತ ನಿನಗೇ ಗೊತ್ತು. ಹೊರಟು ಬಾ.