ಒಂದು ಫೋಲ್ಡರಿನಷ್ಟು ದನಿ

ಪ್ರೀತಿಯ ಬಸು,

ಹೀಗೆ ಬರೆಯಲು ಈಗ ಯಾರ ಅಂಜಿಕೆಯೂ ಇಲ್ಲ. ನೀನಿದ್ದಾಗ 'ಪ್ರೀತಿ' ಎಂಬ ಈ ಶಬ್ದ ನನ್ನ ಬಾಯಿಗೆ ಬರಲೇ ಇಲ್ಲ.

ಹೆದ್ದಾರಿಯಲ್ಲಿ ನಿನ್ನ ಬೈಕಿಗೆ ಲಾರಿ ಬಡಿದು ನೀನು ಹೋದ ಮೇಲೂ ದಿನಾ ಬೆಳಿಗ್ಗೆ ರೈತರ ಮೊಬೈಲಿನಲ್ಲಿ ನೀನು ಮಾತಾಡುತ್ತಲೇ ಇದ್ದೆ. ಬೈಲಹೊಂಗಲ ಮಾರ್ಕೆಟ್ಟಿನ ದರವನ್ನು ರೈತರ ಮೊಬೈಲಿಗೆ ದನಿಯಲ್ಲೇ ಕಳಿಸುವ ಕೆಲಸವನ್ನು ನಾವಿಬ್ಬರೇ ಕಟ್ಟಿದ್ದೆವು. ಹತ್ತಿ, ಕಡಲೆ, ಶೇಂಗಾ, ನೂರು, ಸಾವಿರ, ಒಂದೊಂದು ಶಬ್ದವನ್ನೂ ನೀನೇ ಹೇಳಿ ಒಂದೊಂದು ಫೈಲ್ ಮಾಡಿಟ್ಟಿದ್ದೆ. ನಾನು ಅವತ್ತಿನ ದರ ತುಂಬಿದರೆ ಸಾಕು, ಕ್ಲೌಡಿನಲ್ಲಿ ಬಾಡಿಗೆಗೆ ಹಿಡಿದ ಸಣ್ಣ ಸರ್ವರ್ ನಿನ್ನ ಶಬ್ದಗಳನ್ನು ಜೋಡಿಸಿ ಕಳಿಸುತ್ತಿತ್ತು.

ಶುರುವಿನಲ್ಲಿ ಎಷ್ಟು ಜಗಳಾಡಿದ್ದೆವು! ದೊಡ್ಡ ಕಂಪನಿಗಳು ಬಳಸುವ ಸಲಕರಣೆಗಳೆಲ್ಲ ಬೇಕೆಂದು ನಾನು ಹಟ ಹಿಡಿದಿದ್ದೆ. ನೀನು ಚಹಾದ ಕಪ್ಪು ಕೆಳಗಿಟ್ಟು ನಕ್ಕಿದ್ದೆ. "ಏ ಶರ್ವರಿ, ಮನ್ಯಾಗ ನಾಲ್ಕ ಮಂದಿಗೆ ಅನ್ನಾ ಮಾಡಾಕ ಮದವಿ ಹಂಡೇ ಇಡ್ತಿಯೇನ? ಒಂದ ಸರ್ವರ್, ಒಂದ ಫೋಲ್ಡರ್ ಸಾಕು. ನಾಳೆ ನಾ ಇಲ್ಲಂದ್ರೂ ಯಾರ ಬೇಕಾದ್ರೂ ಬದಲಿ ಮಾಡೂ ಹಂಗ ಇರಬೇಕು." ಯಾವುದೋ ಊರಿಗೆ ಹೋಗಿ ಬರುವವನ ಹಾಗೆ ಹೇಳಿದ್ದೆ. ನಾನೂ ಹಾಗೆಯೇ ಕೇಳಿಸಿಕೊಂಡಿದ್ದೆ.

ಮೊನ್ನೆ ಕಿತ್ತೂರಿನಿಂದ ನಿನ್ನ ಅವ್ವ ಚನ್ನವ್ವ ಬಂದಿದ್ದರು. ಪಕ್ಕದ ಮನೆಯ ಭರಮಪ್ಪ ಕಾಕಾನಿಗೆ ಕಿವಿ ಮಂದ. ಮೊಬೈಲನ್ನು ಕಟ್ಟೆಯ ಮೇಲಿಟ್ಟು ಜೋರಾಗಿ ದರ ಕೇಳುತ್ತಾರಂತೆ. ನಿನ್ನ ದನಿ ಕೇಳಿದೊಡನೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಓಡುತ್ತಾರಂತೆ. "ದಿನಾ ಮುಂಜಾನೆ ಮಗಾ ಬಂದಾ ಅನಸ್ತೈತಿ ತಂಗಿ. ದಿನಾ ಅವನ್ನ ಕಳಕೊಂಡಂಗ ಆಗತೈತಿ. ಅವನ ದನಿ ತಗದ ಬಿಡು, ನಿನಗ ಕೈ ಮುಗೀತೇನಿ" ಎಂದರು.

ಆಗುವುದಿಲ್ಲ ಎನ್ನಬೇಕೆಂದಿದ್ದೆ. ಬಹಳ ಕಷ್ಟದ ಕೆಲಸ, ಇಡೀ ವ್ಯವಸ್ಥೆಯೇ ಕೆಟ್ಟು ಹೋಗುತ್ತದೆ ಎಂದು ಸುಳ್ಳು ಹೇಳಬೇಕೆಂದಿದ್ದೆ. ಪುಣ್ಯಾತ್ಮಾ, ನೀನು ಅದಕ್ಕೂ ದಾರಿ ಬಿಟ್ಟಿಲ್ಲ! ಹಳೆಯ ಫೈಲ್ ತೆಗೆದು ಅದೇ ಹೆಸರಿನ ಹೊಸದನ್ನು ಇಟ್ಟರೆ ಮುಗಿಯಿತು. ನಿನ್ನನ್ನು ತೆಗೆಯುವುದು ಇಷ್ಟು ಸುಲಭ ಆಗಬಾರದಿತ್ತು. ನಿನ್ನ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಇವತ್ತು ಕೂತು ಹತ್ತಿ, ಕಡಲೆ, ನೂರು, ಸಾವಿರ ಎಲ್ಲವನ್ನೂ ನನ್ನ ದನಿಯಲ್ಲಿ ಹೇಳಿ ಇಟ್ಟೆ. ಕೊನೆಗೆ ಭಾನುವಾರದ ರಜೆಯ ಫೈಲ್ ಉಳಿಯಿತು. ಅದರಲ್ಲಿ ನೀನು, "ಇವತ್ತ ಮಾರ್ಕೆಟ್ ಸೂಟಿ ಐತ್ರಿ, ನಾಳೆ ಮತ್ತ ಬರ್ತೇನ್ರಿ" ಎನ್ನುತ್ತೀಯ. ಮಾರಲು ಏನೂ ಇಲ್ಲದಿದ್ದರೂ ಸೋಮವಾರಕ್ಕೆ ಕಾಯುತ್ತಿದ್ದವಳು ನಾನೊಬ್ಬಳೇ ಇರಬೇಕು. ಅದೊಂದರ ಪ್ರತಿಯನ್ನಾದರೂ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡರೆ ನಾನೂ ಬಾಗಿಲಿಗೆ ಓಡುತ್ತೇನೆ. ಇಟ್ಟುಕೊಳ್ಳಲಿಲ್ಲ. ಆ ಮಾತನ್ನೂ ನಾನೇ ಹೇಳಿದೆ. ಮೊದಲ ಸಲದ್ದನ್ನು ಅಳಿಸಿ ಮತ್ತೊಮ್ಮೆ ಹೇಳಿದೆ.

ಬಸು, ಅವ್ವನ ಮುಂಜಾನೆಗಳು ಇನ್ನಾದರೂ ತಣ್ಣಗಿರಲಿ. ನಿನ್ನ ನಿದ್ದೆಯೂ. ನಾಳೆ ನಾನು ಬರುತ್ತೇನೆ. ನೀನು ಬರಬೇಡ.

ನಿನ್ನ ದನಿಯ ಜಾಗದಲ್ಲಿ ಕೂತಿರುವ,
ಶರ್ವರಿ